ಕೊನೆಯ ನಾಲ್ಕು ನಂಬರಿನ ಆಪಾ

ಸೋಮವಾರದಿಂದ ನನ್ನ ಫೋನಿಗೆ ಒಂದೇ ನಂಬರಿನಿಂದ ಕರೆ ಬರುತ್ತಿದೆ, ಮೂರು ರಿಂಗಿಗೆ ಕಟ್. ಇವತ್ತು ಗುರುವಾರ. ನಾನು ಎತ್ತಿಲ್ಲ. ಯಾರದು ಅಂತ ಚೆನ್ನಾಗಿ ಗೊತ್ತು, ಅದಕ್ಕೇ ಎತ್ತಿಲ್ಲ. ಆ ನಂಬರಿನವರನ್ನು ಮಣ್ಣು ಮಾಡಿ ಇಪ್ಪತ್ತಾರು ದಿನವಾಯಿತು. ಆ ನಂಬರು ನಾನು ಸೇವ್ ಮಾಡಿಕೊಂಡಿಲ್ಲ, ಸ್ಕ್ರೀನಿನ ಮೇಲೆ ಆ್ಯಪ್ ತೋರಿಸುವ ಹೆಸರೋ, ರಹಮತ್. ಆತ ಅವರ ಗಂಡ, ಹೋಗಿ ಹನ್ನೊಂದು ವರ್ಷ. ಅಂದರೆ ಸತ್ತವರಿಬ್ಬರು ಸೇರಿಕೊಂಡು ನನಗೆ ಫೋನ್ ಮಾಡುತ್ತಿದ್ದಾರೆ. ನಗಬೇಡಿ. ನಾಲ್ಕು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಯಾರದೋ ಆಧಾರ್ ಕಾರ್ಡಿನ ಹಿಂಬದಿಯನ್ನೇ ಎರಡು ಸಲ ಜೆರಾಕ್ಸ್ ಹೊಡೆದು ಬೈಸಿಕೊಂಡೆ.

ಚನ್ನಗಿರಿಯಲ್ಲಿ ನನ್ನ ಜೆರಾಕ್ಸ್ ಅಂಗಡಿ, ಅದರ ಪಕ್ಕ ಅವರ ಟೈಲರಿಂಗ್ ಅಂಗಡಿ. ನಡುವೆ ಒಂದೇ ಗೋಡೆ, ಅದೂ ಅರ್ಧ. ಮೇಲಿನ ಅರ್ಧ ಪ್ಲೈವುಡ್ಡು. ಹದಿನಾಲ್ಕು ವರ್ಷ ನಾನು ಆ ಪ್ಲೈವುಡ್ಡಿನ ಈಚೆ, ಅವರು ಆಚೆ. ಊರೆಲ್ಲ ಅವರನ್ನು ಆಪಾ ಅನ್ನುತ್ತಿತ್ತು, ಅಕ್ಕ ಅಂತ. ಪೂರ್ತಿ ಹೆಸರು ಹೇಳಿ ಅಂತ ಕಮೆಂಟಿನಲ್ಲಿ ಕೇಳಬೇಡಿ. ಈ ಬರಹದಲ್ಲಿ ಯಾವ ಹೆಣ್ಣುಮಗಳ ಹೆಸರೂ ಬರುವುದಿಲ್ಲ. ಯಾಕೆ ಅನ್ನುವುದು ಓದಿದರೆ ತಿಳಿಯುತ್ತದೆ.

ಆಪಾ ಬ್ಲೌಸಿನ ಬಟ್ಟೆಯ ಮೇಲೆ ಹೆಸರು ಬರೆಯುತ್ತಿರಲಿಲ್ಲ. ಮೊದಮೊದಲು ಬರೆಯುತ್ತಿದ್ದರಂತೆ. ಒಂದೇ ಹೆಸರಿನ ಏಳು ಜನ ಗಿರಾಕಿಗಳಾಗಿ, ಒಬ್ಬಳ ರೇಷ್ಮೆ ಬ್ಲೌಸು ಇನ್ನೊಬ್ಬಳ ಮೈಮೇಲೆ ಹೋಗಿ, ಇಬ್ಬರೂ ಒಂದೇ ಮದುವೆಯ ಊಟದ ಸಾಲಿನಲ್ಲಿ ಎದುರುಬದುರು ಕೂತು ದೊಡ್ಡ ರಾದ್ಧಾಂತವಾಯಿತಂತೆ. ಅವತ್ತಿನಿಂದ ಬಟ್ಟೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ. ಪೂರ್ತಿ ನಂಬರು ಒಂದು ಚೀಟಿಯಲ್ಲಿ ಬರೆದು ಪಿನ್ನು ಹಾಕುತ್ತಿದ್ದರು.

"ಹೆಸ್ರು ಸಾವಿರ ಜನಕ್ಕೆ ಇರ್ತೈತೆ ಕಣೇ. ನಂಬರ್ ಒಬ್ಬರಿಗೇ ಇರೋದು" ಅನ್ನುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಇದೇ ಮುಂದೆ ಅವರಿಗೆ ತಿರುಗಿ ಹೊಡೆಯಿತು.

ಹೀಗೆ ಹೊಲಿಯುತ್ತ ಹೊಲಿಯುತ್ತ ಊರಿನ ಅರ್ಧ ಹೆಂಗಸರು ಅವರ ತಲೆಯಲ್ಲಿ ನಾಲ್ಕು ನಾಲ್ಕು ಅಂಕಿಯಾಗಿ ಕೂತುಬಿಟ್ಟಿದ್ದರು. ಗೊತ್ತಿಲ್ಲದ ನಂಬರಿನಿಂದ ಮಿಸ್ ಕಾಲ್ ಬಂದರೆ ಜನ ಹೆಸರು ತೋರಿಸುವ ಆ್ಯಪ್ ನೋಡುತ್ತಿರಲಿಲ್ಲ, ಆಪಾನ ಅಂಗಡಿಯ ಕಟ್ಟೆ ಹತ್ತುತ್ತಿದ್ದರು. ಆ್ಯಪನ್ನು ಅವರು ನಂಬುತ್ತಲೂ ಇರಲಿಲ್ಲ. ಅದರಲ್ಲಿ ನನ್ನ ನಂಬರು ಹಾಕಿ ನೋಡಿ ಒಮ್ಮೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಯಾವನೋ ನನ್ನನ್ನು 'ಜೆರಾಕ್ಸ್ ಜಗಳಗಂಟಿ' ಅಂತ ಸೇವ್ ಮಾಡಿಕೊಂಡಿದ್ದ. ಇವತ್ತಿಗೂ ಹಾಗೇ ತೋರಿಸುತ್ತದೆ.

ಅವರು ನಂಬರು ಹುಡುಕುವ ರೀತಿಯೇ ಬೇರೆ. ಕೊನೆಯ ನಾಲ್ಕು ಹೇಳಿದರೆ ಕಣ್ಣು ಮುಚ್ಚುತ್ತಿದ್ದರು. ಬಲಗೈಯ ಎರಡು ಬೆರಳು ಗಾಳಿಯಲ್ಲಿ ಯಾರದೋ ಭುಜದ ಮೇಲೆ ಹರಿದು, ಕುತ್ತಿಗೆ ಸುತ್ತಿ, ಬೆನ್ನಿಗಿಳಿಯುತ್ತಿತ್ತು. ಆಮೇಲೆ ಮಾತು ಬರುತ್ತಿತ್ತು.

ಒಮ್ಮೆ ಒಬ್ಬ ಹೆಂಗಸು ಹೆದರಿಕೊಂಡು ಬಂದರು. ಯಾವುದೋ ನಂಬರಿನಿಂದ ದಿನಾ ಫೋನು, ಎತ್ತಿದರೆ ಆ ಕಡೆ ಹಲೋ ಹಲೋ ಅಂತ ಕೂಗಿ ಇಟ್ಟುಬಿಡುತ್ತಾರೆ.

"ಕೊನೇ ನಾಲ್ಕು ಹೇಳು" ಅಂದರು ಆಪಾ. ಕೈ ಗಾಳಿಯಲ್ಲಿ ಆಡಿತು. "ಅರೆ, ಇದು ಹೊನ್ನಾಳಿ ಅಜ್ಜಿ. ಕುತ್ತಿಗೆ ಆಳ ಬ್ಯಾಡ ಅನ್ನೋರು, ತೋಳು ಮೊಣಕೈ ತನಕ. ಕಿವಿ ಕೇಳಲ್ಲ ಪಾಪ. ನೀನು ಮಾತಾಡಿದ್ದು ಆಕಿಗೆ ಕೇಳ್ಸಿಲ್ಲ. ನಿಮ್ಮತ್ತಿ ಗೆಳತಿ ಅಲ್ಲೇನು?"

ಹೌದು. ಅತ್ತೆಯ ಗೆಳತಿ. ಮೊಮ್ಮಗನ ನಾಮಕರಣಕ್ಕೆ ಕರೆಯಲು ಎಂಟು ದಿನದಿಂದ ಒದ್ದಾಡುತ್ತಿದ್ದರು.

ರಿಂಗಿನ ಬಗ್ಗೆಯೂ ಅವರದೊಂದು ಲೆಕ್ಕ. "ಒಂದ್ ರಿಂಗಿಗೆ ಕಟ್ ಆದ್ರೆ ಕರೆನ್ಸಿ ಇಲ್ಲ. ಮೂರ್ ರಿಂಗಿಗೆ ಕಟ್ ಆದ್ರೆ ಧೈರ್ಯ ಇಲ್ಲ. ಕೊನೀ ತನಕ ಹೊಡ್ಕೊಂಡ್ರೆ ಬ್ಲೌಸ್ ಅರ್ಜೆಂಟ್ ಬೇಕು."

ಒಂದು ನಿಯಮ ಮಾತ್ರ ಗಟ್ಟಿ. ಹೆಣ್ಣುಮಗಳ ನಂಬರು ಗಂಡಸರು ತಂದು ಕೇಳಿದರೆ ಹೆಸರು ಹೇಳುತ್ತಿರಲಿಲ್ಲ. "ಹೆಣ್ಮಗಳು" ಅಷ್ಟೇ. ಊರಿಲ್ಲ, ಮನೆಯಿಲ್ಲ. ಒಬ್ಬ ನ್ಯಾಮತಿಯಿಂದ ಬೈಕಿನಲ್ಲಿ ಬಂದು ಅರ್ಧ ಗಂಟೆ ಗೋಗರೆದ, ಕೊನೆಗೆ ರೇಗಿದ. "ಅಷ್ಟು ದೂರದಿಂದ ಬಂದೀನಿ, ಒಂದ್ ಹೆಸ್ರು ಹೇಳಾಕೆ ನಿಮಗೇನು ಕಷ್ಟ?" ಅಂದ. ಆಪಾ ಕತ್ತರಿ ಕೆಳಗಿಡದೆ, "ಅಷ್ಟು ದೂರ ಬಂದೀಯ ಅಂತಾನೇ ಹೇಳಲ್ಲ" ಅಂದರು.

ಇನ್ನು ಮೂರು ವರ್ಷದ ಹಿಂದಿನ ಮಾತು.

ನನ್ನ ಅಣ್ಣ ಅಡಿಕೆ ಮಂಡಿಯಲ್ಲಿ ತೂಕ ನೋಡುವವನು. ಮನೆಯಲ್ಲೂ ಎಲ್ಲರನ್ನೂ ತೂಗುತ್ತಾನೆ. ಅವನ ಒಬ್ಬಳೇ ಮಗಳು ಇಲ್ಲೇ ಒಂದು ಶಾಲೆಯಲ್ಲಿ ಟೀಚರ್. ಹೊನ್ನಾಳಿಯ ಒಂದು ಮನೆಯ ಹುಡುಗನ ಜೊತೆ ನಿಶ್ಚಿತಾರ್ಥವಾಗಿತ್ತು, ಮದುವೆಗೆ ಒಂದು ತಿಂಗಳಿತ್ತು. ಗಂಡಿನ ಕಡೆಯವರು ನಿಶ್ಚಿತಾರ್ಥದ ತಟ್ಟೆಯಲ್ಲಿ ಸೀರೆಯ ಜೊತೆ ಒಂದು ಹೊಸ ಫೋನು, ಸಿಮ್ಮು ಹಾಕಿಯೇ ಇಟ್ಟುಕೊಟ್ಟಿದ್ದರು. ನಾವೆಲ್ಲ ಹಿಗ್ಗಿದ್ದೇ ಹಿಗ್ಗಿದ್ದು. ಆ ನಂಬರಿನ ಕೊನೆಯ ನಾಲ್ಕು ಅರವತ್ತೊಂದು ನಲವತ್ತೆರಡು. ಮದುವೆ ಬ್ಲೌಸಿನ ಮೂಲೆಯಲ್ಲಿ ಆಪಾ ಬರೆದದ್ದೂ ಅದನ್ನೇ.

ಆಗ ಶುರುವಾಯಿತು. ದಿನಾ ಬೆಳಿಗ್ಗೆ ಎಂಟರ ಸುಮಾರಿಗೆ ಆ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ. ಮೂರು ರಿಂಗು, ಕಟ್. ಎತ್ತಿದರೆ ಬರೀ ಉಸಿರು, ಆಮೇಲೆ ಕಟ್. ಆ್ಯಪಿನಲ್ಲಿ ಹಾಕಿದರೆ ಹೆಸರೇ ಇಲ್ಲ. ಆರನೆಯ ದಿನ ಅಣ್ಣ ಮಗಳ ಕೈಯಿಂದ ಫೋನ್ ಕಿತ್ತುಕೊಂಡು, ಅವಳನ್ನೂ ಕರೆದುಕೊಂಡು ನನ್ನ ಅಂಗಡಿಗೆ ಬಂದ.

"ಇದು ಯಾವನ್ದು ಅಂತ ನಿಮ್ ಆಪಾನ್ನ ಕೇಳು."

"ನಂಗೆ ಗೊತ್ತಿಲ್ಲ ಅಪ್ಪಾಜಿ" ಅಂದಳು ಹುಡುಗಿ.

ಆಪಾ ಆಗಲೇ ಮಿಷನ್ ನಿಲ್ಲಿಸಿ ಈಚೆ ಬಂದಿದ್ದರು, ಕುತ್ತಿಗೆಯಲ್ಲಿ ಟೇಪು, ಸೆರಗಿನಲ್ಲಿ ಸೂಜಿ. "ಕೊನೇ ನಾಲ್ಕು ಹೇಳ್ರಿ ಅಣ್ಣಾ."

"ನಲವತ್ನಾಲ್ಕು ಹತ್ತೊಂಬತ್ತು."

ಕಣ್ಣು ಮುಚ್ಚಿದರು. ಬೆರಳು ಗಾಳಿಯಲ್ಲಿ ಹರಿದು ಎಡಭುಜದ ಹತ್ತಿರ ಒಂದು ಕ್ಷಣ ನಿಂತಿತು. "ಹೆಣ್ಮಗಳು."

"ಹೆಸ್ರು?"

"ಹೆಣ್ಮಗಳು ಅಂದ್ನಲ್ಲ. ಎಷ್ಟ್ ರಿಂಗಿಗೆ ಕಟ್ ಆಗುತ್ತೆ?"

"ಮೂರು."

"ಏನೋ ಹೇಳಾಕೆ ಐತೆ ಆಕಿಗೆ. ಧೈರ್ಯ ಸಾಲ್ತಿಲ್ಲ. ನಿಮ್ ಮಗಳ್ದು ಇದ್ರಾಗೆ ಏನೂ ಇಲ್ಲ, ಬಿಡ್ರಿ."

ಅಣ್ಣ ಬಿಡಲಿಲ್ಲ. ಕೌಂಟರಿನ ಮೇಲಿದ್ದ ನನ್ನ ಫೋನ್ ಎತ್ತಿಕೊಂಡು ಆ ನಂಬರು ಒತ್ತಿ ಸ್ಪೀಕರ್ ಹಾಕಿದ. ಎರಡೇ ರಿಂಗು.

"ಹಾಂ, ಹೇಳ್ರಿ. ಯಾರು?"

ಗಂಡು ದನಿ. ಹರೆಯದ ದನಿ. ಅಣ್ಣ ಕಟ್ ಮಾಡಿದ.

"ನಿಮ್ ಹೆಣ್ಮಗಳ ಗಂಟ್ಲು ಭಾರಿ ಚೆನ್ನಾಗೈತೆ ಬಿಡ್ರಿ" ಅಂದ ಆಪಾನ ಮುಖ ನೋಡಿಕೊಂಡು. ಆಮೇಲೆ ಮಗಳ ಕಡೆ ತಿರುಗಿ, "ಭಾನುವಾರದೊಳಗೆ ಅವನ ಹೆಸ್ರು ನಿನ್ ಬಾಯಿಂದ ಬರ್ಬೇಕು. ಅಲ್ಲೀತಂಕ ಶಾಲಿಗೂ ಹೋಗಂಗಿಲ್ಲ, ಹೊಸ್ತಿಲೂ ದಾಟಂಗಿಲ್ಲ. ಮದುವಿ ಆದ್ಮ್ಯಾಲೆ ಕೆಲಸದ ಮಾತೂ ಇಲ್ಲ" ಅಂದ.

ನಾನೇನು ಮಾಡಿದೆ ಅಂತ ಕೇಳುತ್ತೀರಾ? ಅವಳ ತೋಳು ಹಿಡಿದು, "ನಿಜ ಹೇಳೇ" ಅಂದೆ. ಚಿಕ್ಕವಳಿದ್ದಾಗಿನಿಂದ ನನ್ನ ಅಂಗಡಿಯಲ್ಲೇ ಹೋಂವರ್ಕ್ ಮಾಡಿಕೊಂಡು ಬೆಳೆದ ಹುಡುಗಿ ಅವಳು. ನನ್ನನ್ನು ನೋಡಿದಳು. ಆ ನೋಟವನ್ನು ನಾನು ಇಲ್ಲಿ ಬರೆಯಲಾರೆ. ಅವಳನ್ನು ನಂಬಿದವರು ಅವತ್ತು ಆಪಾ ಒಬ್ಬರೇ, ಅವರ ಮಾತೂ ಎಲ್ಲರೆದುರು ಸುಳ್ಳಾಗಿತ್ತು.

ಅವತ್ತು ಮಧ್ಯಾಹ್ನವೆಲ್ಲ ಪ್ಲೈವುಡ್ಡಿನ ಆಚೆ ಮಿಷನ್ ಓಡುವುದು, ನಿಲ್ಲುವುದು, ಓಡುವುದು, ನಿಲ್ಲುವುದು. ಒಂದೇ ತೋಳನ್ನು ಮೂರು ಸಲ ಬಿಚ್ಚಿದರು. ಸಂಜೆ ಆಚೆಯಿಂದಲೇ ಕೂಗಿದರು. "ನಾಳಿ ಮುಂಜಾನಿ ಜಗಳೂರಿಗೆ ಹೊಂಟೀನಿ. ಬರ್ತೀಯಾ?"

ಜಗಳೂರು ಅವರ ತವರು. ತಿಂಗಳಿಗೊಮ್ಮೆ ಅಮ್ಮನನ್ನು ನೋಡಲು ಹೋಗುತ್ತಿದ್ದರು. ಕೈಹೊಲಿಗೆ, ಕಸೂತಿಯ ಕೆಲಸ ಜೊತೆಗೇ ಹೊರುತ್ತಿದ್ದರು, ಬರುವಾಗ ಅಲ್ಲಿಯ ಹೆಂಗಸರ ಬಟ್ಟೆ ತರುತ್ತಿದ್ದರು. ನಲವತ್ನಾಲ್ಕು ಹತ್ತೊಂಬತ್ತು ಅವರ ತವರಿನ ಹಿಂದಿನ ಓಣಿಯ ಹುಡುಗಿ. ಹಿಂದಿನ ವರ್ಷ ಮದುವೆ ಬ್ಲೌಸು ಹೊಲಿಸಿದ್ದಳು. ಆಮೇಲೆ ಆ ಮದುವೆ ನಿಂತಿತ್ತು. ಜಾತಕ ಕೂಡಲಿಲ್ಲ ಅಂತ ಮನೆಯವರು ಹೇಳಿದ್ದರಂತೆ. ಆಪಾಗೆ ಗೊತ್ತಿದ್ದದ್ದು ಅಷ್ಟೇ.

ಬಸ್ಸಿನಲ್ಲಿ ಅವರು ಒಂದು ನಿಮಿಷ ಸುಮ್ಮನೆ ಕೂರಲಿಲ್ಲ. ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು ಹತ್ತುವಾಗ ಫುಟ್‌ಬೋರ್ಡಿನ ಮೇಲೇ ನಿಂತುಬಿಟ್ಟರು. ಹಿಂದಿದ್ದವರು ಬೈದರು.

"ಯಾ ಅಲ್ಲಾ! ಆ ನಂಬರ್ ಆಕಿದಲ್ಲ ಕಣೇ, ಆಕಿ ಅಣ್ಣಂದು! ಬಟ್ಟಿ ಕೊಡಾಕೆ ಬಂದೋರು ಯಾರು ತಮ್ಮ ನಂಬರ್ ಕೊಡ್ತಾರೆ? ಗಂಡಂದು, ಅಣ್ಣಂದು, ಮಗಂದು. ಇಷ್ಟ್ ವರ್ಷ ನಾನು ಗಂಡಸ್ರ ನಂಬರ್ ನೋಡಿ ಹೆಂಗಸ್ರ ಭುಜ ಕಂಡೀನಿ!"

ನಾನು ನಕ್ಕೆ. ಅವರು ನಗಲಿಲ್ಲ. ಮೆಕ್ಕೆಜೋಳದ ಹೊಲಗಳ ನಡುವೆ ಒಂದು ಕುರಿಮಂದೆ ಅಡ್ಡ ಬಂದು ಬಸ್ಸು ನಿಂತಾಗ, ತಾವೇ ಇಳಿದು ಕುರಿ ಓಡಿಸುತ್ತೇನೆ ಅಂತ ಎದ್ದಿದ್ದರು. ಕೈ ಹಿಡಿದು ಕೂರಿಸಬೇಕಾಯಿತು.

ಹುಡುಗಿ ಮನೆಯ ಮುಂದೆ ಶೇಂಗಾ ಸುಲಿಯುತ್ತ ಕೂತಿದ್ದಳು. ಅವಳ ಅಣ್ಣ ಕುರಿ ವ್ಯಾಪಾರದವನು, ಸಂತೆಗೆ ಹೋಗಿದ್ದ. ಆಪಾನನ್ನು ಕಂಡದ್ದೇ ಅವಳ ಕೈಯ ಶೇಂಗಾ ಕೆಳಗೆ ಬಿತ್ತು.

"ಅಣ್ಣ ಸ್ನಾನಕ್ಕೆ ಹೋದಾಗ ಅವನ ಫೋನಿಂದ ಮಾಡ್ತಿದ್ದೆ ಆಪಾ. ಆ ಹುಡುಗಿ ಹಲೋ ಅಂದ್ರೆ ಬಾಯಿ ಕಟ್ಟುತ್ತೆ. ಏನಂತ ಹೇಳ್ಲಿ? ಅವನ್ನ ಮದುವಿ ಆಗ್ಬ್ಯಾಡ ಅಂದ್ರೆ ನಂಗೆ ಹೊಟ್ಟಿಕಿಚ್ಚು ಅಂತಾರೆ."

"ಆಕಿ ನಂಬರ್ ನಿಂಗ್ಯಾರು ಕೊಟ್ರು?"

"ನೀವೇ. ಹೋದ ಸಲ ಇಲ್ಲಿ ಕುಂತು ಮದುವಿ ಬ್ಲೌಸಿನ ಬಟ್ಟಿಗೆ ಕಸೂತಿ ಹಾಕ್ತಿದ್ರಿ. ಹುಡುಗಿನ ಯಾವೂರಿಗೆ ಕೊಡ್ತಾರೆ ಅಂದೆ. ಹೊನ್ನಾಳಿ ಅಂದ್ರಿ, ಮನೀ ಹೆಸ್ರೂ ಹೇಳಿದ್ರಿ. ನೀವು ಚಾ ಕುಡಿಯಾಕೆ ಒಳಗೆ ಹೋದಾಗ ಚೀಟಿ ನೋಡಿ ಬರ್ಕೊಂಡೆ. ಅದೇ ಮನಿ ಆಪಾ. ನಂಗೆ ಗೊತ್ತು ಮಾಡಿದ್ದೂ ಅದೇ ಮನಿ."

ಆಮೇಲೆ ಅವಳು ಎಲ್ಲ ಹೇಳಿದಳು. ಅವಳಿಗೂ ನಿಶ್ಚಿತಾರ್ಥದ ತಟ್ಟೆಯಲ್ಲಿ ಫೋನ್ ಕೊಟ್ಟಿದ್ದರು. ದಿನಾ ಸಂಜೆ ಆರಕ್ಕೆ ಹುಡುಗನಿಗೆ ಆವತ್ತಿನ ಕಾಲ್ ಲಿಸ್ಟಿನ ಫೋಟೋ ಕಳಿಸಬೇಕು. ಯಾರು ಮಾಡಿದ್ದರು, ಯಾಕೆ, ಎಷ್ಟು ನಿಮಿಷ. ಪ್ರೀತಿ ಅಂದುಕೊಂಡು ಅವಳು ಕಳಿಸುತ್ತಿದ್ದಳು.

"ಒಂದಿನ ಒಂದೇ ನಂಬರಿಂದ ನಾಲ್ಕು ಸಲ ಬಂದಿತ್ತು. ಅವನು ಆ್ಯಪಿನಾಗೆ ಹಾಕಿ ನೋಡಿದ್ನಂತೆ. ರಹಮತ್ ಯಾರು ಅಂದ. ನಂಗೊತ್ತಿಲ್ಲ ಅಂದೆ. ನಿಜವಾಗ್ಲೂ ಗೊತ್ತಿರ್ಲಿಲ್ಲ ಆಪಾ. ಆ ಹೆಸ್ರಿನೋರು ಯಾರೂ ಗೊತ್ತಿರ್ಲಿಲ್ಲ ನಂಗೆ. ಅದೂ ಅಂಥಾ ಹೆಸ್ರು ಅಂತ ಅವರ ಮನಿಯಾಗೆ ದೊಡ್ಡ ರಂಪ ಆತು. ಎಂಟು ದಿನಕ್ಕೆ ಬ್ಯಾಡ ಅಂತ ಹೇಳಿ ಕಳ್ಸಿದ್ರು."

ಆಪಾನ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು.

ರಹಮತ್ ಅವರ ಗಂಡ. ಸಿಮ್ಮು ಆತನ ಹೆಸರಿನಲ್ಲಿತ್ತು. ಆತ ಹೋದ ಮೇಲೆ ಬದಲಾಯಿಸು ಅಂತ ನಾನೇ ಹತ್ತು ಸಲ ಹೇಳಿದ್ದೆ. "ಆತನ ಹೆಸ್ರಲ್ಲಿ ಒಂದು ಸಿಮ್ ಆದ್ರೂ ಇರ್ಲಿ ಬಿಡೇ" ಅನ್ನುತ್ತಿದ್ದರು. ಅವತ್ತು ಅಳತೆಗೆ ಬಾ ಅಂತ ಹೇಳಲು, ತವರಿನವರು ಕೇಳಿ ಕೊಟ್ಟ ಆ ಹುಡುಗಿಯ ಹೊಸ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದವರು ಇವರೇ, ಅವಳು ಎತ್ತಿರಲಿಲ್ಲ. ಜನರ ಫೋನಿಗೆ ಬಂದ ಗುರುತಿಲ್ಲದ ನಂಬರನ್ನೆಲ್ಲ ಹಿಡಿದುಕೊಡುತ್ತಿದ್ದವರು, ಇನ್ನೊಬ್ಬರ ಫೋನಿನಲ್ಲಿ ತಾವೇ ಗುರುತಿಲ್ಲದ ಗಂಡಸಾಗಿದ್ದರು.

ಹುಡುಗಿಗೆ ಅದನ್ನು ಹೇಳಿದರು. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಆಪಾ ಅವಳ ಎಡಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಿದ್ದರು. ನೀರು ಕೂಡ ಕುಡಿಯದೆ ಎದ್ದರು. ತವರಿನ ಬಾಗಿಲು ಎದುರಿಗೇ ಇದ್ದರೂ ಒಳಗೆ ಹೋಗಲಿಲ್ಲ.

ಚನ್ನಗಿರಿ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷವಿತ್ತು. ನೇರ ಅಣ್ಣನ ಮನೆಗೆ. ಅಣ್ಣ ಹಾಲ್‌ನಲ್ಲಿ ಕೂತಿದ್ದ, ಮಗಳ ಫೋನು ಅವನ ಅಂಗಿ ಜೇಬಿನಲ್ಲೇ ಇತ್ತು. ಮಗಳು ಅಡುಗೆಮನೆಯ ಬಾಗಿಲಿನಲ್ಲಿ.

"ಅಣ್ಣಾ, ನಂದು ತಪ್ಪಾಗೈತೆ. ಹೇಳಾಕೆ ಬಂದೀನಿ" ಅಂದರು ಆಪಾ, ನಿಂತುಕೊಂಡೇ. "ನಿಮ್ ಫೋನ್ ಕೈಯಾಗ್ ಹಿಡ್ಕಳ್ರಿ. ನಾನು ಮಾಡ್ತೀನಿ, ಯಾರ ಹೆಸ್ರು ಬರುತ್ತೆ ಓದ್ರಿ."

ಫೋನ್ ರಿಂಗಾಯಿತು. "ರಹಮತ್" ಅಂತ ಓದಿದ ಅಣ್ಣ. "ಯಾರದು?"

"ನನ್ ಗಂಡ. ಮಣ್ಣಾಗಿ ಎಂಟು ವರ್ಷ. ದಿನಾ ಕಾಲ್ ಲಿಸ್ಟ್ ಕೇಳಿ, ಅದ್ರಾಗೆ ಈ ಹೆಸ್ರು ನೋಡಿ ನಿಮ್ ಹೊನ್ನಾಳಿ ಬೀಗರು ಜಗಳೂರಿನ ಒಂದು ಹುಡುಗಿ ಮದುವಿ ಮುರಿದಾರೆ. ನಿಮ್ ಮಗಳಿಗೆ ದಿನಾ ಫೋನ್ ಮಾಡ್ತಿದ್ದಿದ್ದು ಆಕಿನೇ, ಆಕಿ ಅಣ್ಣನ ಫೋನಿಂದ. ನಿಮ್ ಮಗಳ ಫೋನಿಗೂ ನಾನು ಈ ತಿಂಗ್ಳು ಐದು ಸಲ ಮಾಡೀನಿ."

ಅಣ್ಣ ಮಗಳ ಕಡೆ ತಿರುಗಿದ. "ಅವ್ನು ನಿನ್ನೂ ಲಿಸ್ಟ್ ಕೇಳ್ತಾನಾ?"

ಅವಳು ಉತ್ತರ ಕೊಡುವ ಮೊದಲೇ ಅವನ ಜೇಬು ಗುಂಯ್ ಅಂದಿತು. ತೆಗೆದು ನೋಡಿದ. ಅವನು ಓದುವುದೇ ನಿಧಾನ, ಅಕ್ಷರ ಕೂಡಿಸಿ ಜೋರಾಗಿ ಓದುತ್ತಾನೆ. "ನಿನ್ನೆಯದೂ ಇಲ್ಲ. ಇವತ್ತಿನದೂ ಇಲ್ಲ. ಲಿಸ್ಟ್ ಎಲ್ಲಿ? ಆ ರಹಮತ್ ವಿಷಯ ಇನ್ನೂ ಮುಗಿದಿಲ್ಲ."

ಗಡಿಯಾರದಲ್ಲಿ ಆರು.

"ಆಪಾ ಅಂತ ಹೇಳ್ದೆ ಅಪ್ಪಾಜಿ. ಹೆಂಗಸು ಟೈಲರ್ ಅಂತ ಹೇಳ್ದೆ. ನಂಬಲ್ಲ ಅವ್ನು" ಅಂದಳು ಹುಡುಗಿ.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀವೂ ಫೋನ್ ಕಿತ್ಕೊಂಡ್ರಲ್ಲ."

ಅಣ್ಣ ಎದ್ದ, ಕೂತ, ಮತ್ತೆ ಎದ್ದ. ಕೊನೆಗೆ ಮಗಳಿಗಲ್ಲ, ನನಗಲ್ಲ, ಆಪಾಗೆ ಹೇಳಿದ. "ಬ್ಲೌಸ್ ಹೊಲಿಯೋದು ನಿಲ್ಸಿಬಿಡ್ರಿ."

"ಕತ್ರಿ ಆಡಿ ಆಗೈತಲ್ಲಣ್ಣ."

"ಹಂಗೇ ಇರ್ಲಿ."

ಅಷ್ಟೇ. ಮಾರನೆಯ ದಿನ ಅವನೇ ಹೊನ್ನಾಳಿಗೆ ಹೋಗಿ ಸೀರೆ, ಉಂಗುರ, ಆ ಫೋನು, ಸಿಮ್ಮು ಎಲ್ಲ ಕೊಟ್ಟು ಬಂದ. ಎಲ್ಲ ಸುಖವಾಯಿತು ಅಂತ ಬರೆಯಲು ನನಗೂ ಆಸೆ. ಆಗಲಿಲ್ಲ. ಹುಡುಗಿಯದೇ ಏನೋ ಇತ್ತಂತೆ ಅಂತ ಊರು ಒಂದು ವರ್ಷ ಜಗಿಯಿತು. ಅಣ್ಣ ಅವಳ ಮುಂದೆ ಈಗಲೂ ತಲೆಯೆತ್ತಿ ಮಾತಾಡುವುದಿಲ್ಲ. ಅವಳು ನನ್ನ ಜೊತೆ ಮಾತಾಡಲು ಏಳು ತಿಂಗಳು ತೆಗೆದುಕೊಂಡಳು. ಈಗ ನ್ಯಾಮತಿಯ ಶಾಲೆಯೊಂದರಲ್ಲಿದ್ದಾಳೆ, ಸ್ಕೂಟಿಯಲ್ಲಿ ಓಡಾಡುತ್ತಾಳೆ. ಮದುವೆ ಮಾತು ಯಾರಾದರೂ ಎತ್ತಿದರೆ ಸ್ಕೂಟಿ ಸ್ಟಾರ್ಟ್ ಮಾಡುತ್ತಾಳೆ.

ಆಪಾ ಸಿಮ್ ಬದಲಾಯಿಸಲಿಲ್ಲ. ಫೋನ್ ಮಾಡುವ ರೀತಿ ಬದಲಾಯಿಸಿದರು. ಆ ಕಡೆಯವರು ಎತ್ತಿದ್ದೇ ತಡ, ಹಲೋ ಕೂಡ ಅನ್ನದೆ, "ಟೈಲರ್ ಅಂಗ್ಡಿ! ಹೆಣ್ಮಗಳು ಮಾತಾಡೋದು!" ಅಂತ ಕೂಗುತ್ತಿದ್ದರು. ಪ್ಲೈವುಡ್ಡು ನಡುಗುತ್ತಿತ್ತು. ಬೀದಿಯವರು ನಗುತ್ತಿದ್ದರು. ಜಗಳೂರಿನ ಹುಡುಗಿಗೆ ಹೋದ ವರ್ಷ ಮದುವೆಯಾದಾಗ ಬ್ಲೌಸು ಹೊಲಿದುಕೊಟ್ಟು, ಅವಳ ಗಂಡನಿಗೆ ತಾವೇ ಫೋನ್ ಮಾಡಿ ಮೂರು ಸಲ ಹಾಗೆ ಕೂಗಿದ್ದರು, ಇರಲಿ ಅಂತ. ಆದರೆ ಜನ ಚೀಟಿ ಹಿಡಿದು ಬಂದು ಇದು ಯಾರ ನಂಬರು ಅಂತ ಕೇಳಿದರೆ, ಆಮೇಲೆ ಅವರ ಕೈ ಗಾಳಿಗೆ ಏಳಲೇ ಇಲ್ಲ. "ಫೋನ್ ಮಾಡಿ ಕೇಳ್ರಿ, ಅವರೇ ಹೇಳ್ತಾರೆ" ಅನ್ನುತ್ತಿದ್ದರು.

ಇಲ್ಲಿಯವರೆಗೆ ಬರೆದು ನಿಲ್ಲಿಸಿದ್ದೆ. ಫೋನ್ ಮತ್ತೆ ಬಂತು. ರಹಮತ್. ಈ ಸಲ ಮೂರಕ್ಕೆ ನಿಲ್ಲಲಿಲ್ಲ, ಕೊನೆಯ ತನಕ ಹೊಡೆದುಕೊಳ್ಳುವ ಹಾಗೆ ಕಂಡಿತು. ಎತ್ತಿದೆ.

"ಟೈಲರ್ ಅಂಗ್ಡಿ! ಹೆಣ್ಮಗಳು ಮಾತಾಡೋದು!"

ಆಪಾನ ಮಗಳು. ಅಂಗಡಿ ಖಾಲಿ ಮಾಡಲು ಬಂದಿದ್ದಾಳೆ. ಎಷ್ಟೋ ದಿನದಿಂದ ಮುಚ್ಚಿದ ಷಟರಿನ ಆಚೆ, ನನ್ನ ಪ್ಲೈವುಡ್ಡಿನ ಆಚೆಯೇ ನಾಲ್ಕು ದಿನದಿಂದ ಕೂತಿದ್ದಾಳಂತೆ, ಹಿಂದಿನ ಬಾಗಿಲಿನಿಂದ ಬಂದು ಹೋಗುತ್ತ. ಜೆರಾಕ್ಸ್ ಮಿಷನ್ನಿನ ಸದ್ದಿನಲ್ಲಿ ನನಗೆ ಗೊತ್ತೇ ಆಗಿರಲಿಲ್ಲ, ಗೋಡೆ ತಟ್ಟಿದ್ದರೆ ಸಾಕಿತ್ತು. ತಟ್ಟಲಿಲ್ಲ, ಅವರಮ್ಮನ ಫೋನಿನಿಂದ ಎಲ್ಲ ಗಿರಾಕಿಗಳಿಗೂ ಮಾಡಿದ ಹಾಗೆ ನನಗೂ ಮಾಡುತ್ತಿದ್ದಳು.

"ಆಂಟಿ, ಎಲ್ಲರ ಬಟ್ಟೇನೂ ಮುಟ್ಟಿಸ್ದೆ. ಒಂದ್ ಉಳ್ದೈತೆ. ಅರವತ್ತೊಂದು ನಲವತ್ತೆರಡು. ಫೋನ್ ಮಾಡಿದ್ರೆ ಯಾರೋ ಗಂಡಸು ಎತ್ತಿ ಬೈದ. ಯಾರ್ದು ಇದು?"

"ಬರೀ ಕಟ್ ಮಾಡಿಟ್ಟಿರೋದಾ?"

"ಇಲ್ಲ, ಪೂರ್ತಿ ಹೊಲ್ದೈತೆ. ಹುಕ್ಕೂ ಹಾಕೈತೆ. ಚೀಟಿ ಹಿಂದ್ಗಡೆ ಅಮ್ಮಿ ಬರ್ದಾಳೆ, ಈಗ ನೋಡ್ದೆ. 'ಫೋನ್ ಮಾಡಬಾರದು. ಆಕಿಗೆ ಬೇಕಾದಾಗ ಬರ್ತಾಳೆ. ಎಷ್ಟು ವರ್ಷ ಆದರೂ ಆಗಲಿ, ಬಿಚ್ಚಿ ಸಡ್ಲ ಮಾಡಾಕೆ ಒಳಗೆ ಎರಡಿಂಚು ಬಟ್ಟಿ ಬಿಟ್ಟೀನಿ.'"

ನಾನು ಕಣ್ಣು ಮುಚ್ಚಿದೆ. ನನ್ನ ಬಲಗೈ ತಾನಾಗಿಯೇ ಎದ್ದಿತು.

"ಆಂಟಿ? ಹೇಳ್ರಿ, ಯಾರ್ದು?"

"ಹೆಣ್ಮಗಳು" ಅಂದೆ. "ಅಲ್ಲೇ ಇಟ್ಟಿರು, ಗೋಡಿ ಈಚಿಗೆ ತಂದಿಟ್ಕೊಂತೀನಿ."